ಒಳತೊಡೆಯ ದುಡಿಮೆ



ಎಡಪ್ಪಾಡಿಯ ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ಹಾಕಿದ ಷರತ್ತು ಎರಡೇ. ಮಾತು ಮೈಯ ಬಗ್ಗೆ ಇರಬೇಕು, ಮಗ್ಗದವರಿಗೆ ತಿಳಿಯುವಂತಿರಬೇಕು. ಹೃದಯ, ಸಕ್ಕರೆ ಕಾಯಿಲೆ, ಬೆನ್ನುನೋವು ಇವುಗಳ ಬಗ್ಗೆ ನೀವು ಸಾಕುಸಾಕಾಗುವಷ್ಟು ಕೇಳಿದ್ದೀರಿ. ನಾನು ಆರಿಸಿಕೊಂಡದ್ದು ತೊಡೆಯ ಒಳಭಾಗದ ಸ್ನಾಯುಗಳನ್ನು, ಡಾಕ್ಟರುಗಳು ಅಡಕ್ಟರ್ ಎನ್ನುವ ಗುಂಪನ್ನು. ಸಭೆಯಲ್ಲಿ ಎತ್ತಲು ಸ್ವಲ್ಪ ಸಂಕೋಚದ ಜಾಗ ಅದು. ಆ ಸಂಕೋಚದಿಂದಲೇ ಎಷ್ಟೋ ಜನ ಅಲ್ಲಿನ ನೋವನ್ನು ವರ್ಷಗಟ್ಟಲೆ ಯಾರಿಗೂ ಹೇಳದೆ ಇಟ್ಟುಕೊಳ್ಳುತ್ತಾರೆ. ಇಲ್ಲಿನ ದೇವಾಂಗರ ಮನೆಗಳಲ್ಲಿ ಕನ್ನಡ ಇರುವುದು ಬಾಯಲ್ಲಿ, ಓದುಬರಹ ಇರುವುದು ತಮಿಳಿನಲ್ಲಿ. ಹಾಗಾಗಿ ಅಂದು ಅರ್ಧ ಅದರಲ್ಲಿ ಅರ್ಧ ಇದರಲ್ಲಿ ಹೇಳಿದ್ದನ್ನು ಅಚ್ಚಿಗಾಗಿ ಒಂದೇ ಭಾಷೆಯಲ್ಲಿ ಬರೆದುಕೊಟ್ಟಿದ್ದೇನೆ.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ನೆತ್ತಿಯಿಂದ ಎರಡು ಪಾದಗಳ ನಡುವಿನವರೆಗೆ ಮೈಯ ಮಧ್ಯದಲ್ಲಿ ಒಂದು ಗೆರೆ ಎಳೆದಿದೆ ಎಂದುಕೊಳ್ಳಿ. ಕೈಕಾಲನ್ನು ಆ ಗೆರೆಯಿಂದ ದೂರ ಒಯ್ಯುವ ಸ್ನಾಯು ಅಬ್ಡಕ್ಟರ್, ಗೆರೆಯ ಕಡೆಗೆ ತರುವುದು ಅಡಕ್ಟರ್. ಹೆಬ್ಬೆರಳಿನಲ್ಲೂ ಒಂದು ಅಡಕ್ಟರ್ ಇದೆ. ಹೆಬ್ಬೆರಳನ್ನು ಅಂಗೈಗೆ ಒತ್ತುವುದು, ಒಂದು ಹಾಳೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಬಿಗಿಯಾಗಿ ಹಿಡಿಯುವುದು ಅದರ ಕೆಲಸ. ಕುಷ್ಠರೋಗದಲ್ಲಿ ಮೊಣಕೈ ಬಳಿಯ ಅಲ್ನಾರ್ ನರ ಕೆಟ್ಟಾಗ ಈ ಹಿಡಿತ ಹೋಗುತ್ತದೆ. ಅಂಥ ಕೈಗಳಿಗೆ ಆರೋಗ್ಯವಾಗಿರುವ ಬೇರೆ ಸ್ನಾಯುರಜ್ಜುಗಳನ್ನು ತಿರುಗಿಸಿ ಕಟ್ಟಿ ಮತ್ತೆ ಹಿಡಿತ ಕೊಡುವ ಶಸ್ತ್ರಕ್ರಿಯೆಯನ್ನು ಪಾಲ್ ಬ್ರಾಂಡ್ 1940ರ ದಶಕದ ಕೊನೆಯಲ್ಲಿ ಬೆಳೆಸಿದ್ದು ಇಲ್ಲೇ ಮೇಲಿನ ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಅಷ್ಟೇಕೆ, ಹೊಳೆಯ ಕಪ್ಪೆಚಿಪ್ಪು ಎರಡು ಚಿಪ್ಪುಗಳನ್ನು ಮುಚ್ಚಿ ಹಿಡಿಯುವುದೂ ಅಡಕ್ಟರಿನಿಂದಲೇ. ಚಿಪ್ಪಿನ ಒಳಮೈಯಲ್ಲಿ ಎರಡು ತುದಿಗೆ ಕಾಣುವ ನುಣುಪಾದ ಕಲೆಗಳು ಆ ಸ್ನಾಯು ಅಂಟಿದ್ದ ಜಾಗ. ಆ ಪ್ರಾಣಿಗಳಲ್ಲಿ ಕೆಲವಕ್ಕೆ ಹೆಚ್ಚು ಶಕ್ತಿ ಖರ್ಚಿಲ್ಲದೆ ಗಂಟೆಗಟ್ಟಲೆ ಮುಚ್ಚಿಕೊಂಡೇ ಇರಲು ಬರುತ್ತದೆ. ನಮ್ಮ ತೊಡೆಗೆ ಆ ಸೌಲಭ್ಯವಿಲ್ಲ.

ಇನ್ನು ತೊಡೆಗೆ ಬರುತ್ತೇನೆ. ಕುರ್ಚಿಯಲ್ಲಿ ಕೂತವರು ಮಂಡಿಗಳನ್ನು ಸ್ವಲ್ಪ ಅಗಲಿಸಿ, ನಡುವೆ ಎರಡು ಮುಷ್ಟಿಗಳನ್ನು ಜೋಡಿಸಿಟ್ಟು ಒತ್ತಿ. ಒಳತೊಡೆಯ ಮಾಂಸ ಗಟ್ಟಿಯಾಗುತ್ತದೆ. ತೊಡೆಸಂದಿನ ಹತ್ತಿರ ಬೆರಳಿಗೆ ಬಿಗಿದ ದಾರ ಸಿಕ್ಕುತ್ತದಲ್ಲ, ಅದು ಅಡಕ್ಟರ್ ಲಾಂಗಸ್‌ನ ಸ್ನಾಯುರಜ್ಜು. ಅದನ್ನೇ ಹಿಡಿದು ಮೇಲೆ ಹೋದರೆ ಹೊಟ್ಟೆ ಮುಗಿಯುವಲ್ಲಿ ಮೂಳೆ ತಾಗುತ್ತದೆ. ಅದು ಪ್ಯೂಬಿಸ್. ಈ ಗುಂಪಿನ ಐದು ಸ್ನಾಯುಗಳ ಮೇಲಿನ ತುದಿಗಳು ಬಹುಪಾಲು ಆ ಮೂಳೆಯಲ್ಲಿ, ಅಲ್ಲಿಂದ ಹಿಂದಕ್ಕೆ ಇಳಿಯುವ ಅದರ ಕಮಾನಿನಲ್ಲಿ ಇವೆ. ಎಲ್ಲಕ್ಕಿಂತ ಮೇಲೆ, ಚಿಕ್ಕದಾಗಿ, ಚೌಕಾಕಾರದಲ್ಲಿ ಪೆಕ್ಟಿನಿಯಸ್. ಅದರ ಪಕ್ಕಕ್ಕೆ ನೀವು ಮುಟ್ಟಿದ ಲಾಂಗಸ್. ಅವೆರಡರ ಹಿಂದೆ ಅಡಗಿ ಬ್ರೆವಿಸ್. ಎಲ್ಲದರ ಹಿಂದೆ, ಮೂರು ಮೂಲೆಯ ದೊಡ್ಡ ಹಾಳೆಯಾಗಿ ಮ್ಯಾಗ್ನಸ್. ತೊಡೆಯ ಒಳಅಂಚಿನಲ್ಲಿ ಉದ್ದಕ್ಕೆ, ತೆಳ್ಳಗೆ ಇಳಿಯುವುದು ಗ್ರಾಸಿಲಿಸ್. ಮೊದಲ ನಾಲ್ಕು ತೊಡೆಮೂಳೆಯ ಹಿಂಬದಿಯ ಒರಟು ಏಣಿಗೋ ಅದರ ಆಸುಪಾಸಿಗೋ ಅಂಟುತ್ತವೆ. ಗ್ರಾಸಿಲಿಸ್ ಒಂದೇ ಮಂಡಿ ದಾಟಿ ಕೆಳಗಿನ ಮೂಳೆಯ ಒಳಬದಿಗೆ ಹೋಗಿ ಸೇರುತ್ತದೆ.

ಮ್ಯಾಗ್ನಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನನ್ನ ಮಾತಿನ ಬೇರು ಅಲ್ಲಿದೆ. ಸೊಂಟದಿಂದ ಕೆಳಗಿನ ಸ್ನಾಯುಗಳಲ್ಲಿ ಗಾತ್ರಕ್ಕೆ ಅದು ಮೂರನೆಯದು; ಅದಕ್ಕಿಂತ ದೊಡ್ಡವೆಂದರೆ ಕುಂಡಿಯ ಗ್ಲೂಟಿಯಸ್ ಮ್ಯಾಕ್ಸಿಮಸ್ ಮತ್ತು ತೊಡೆಯ ಹೊರಬದಿಯ ವಾಸ್ಟಸ್ ಲ್ಯಾಟರಲಿಸ್ ಮಾತ್ರ. ಅದು ನಿಜವಾಗಿ ಎರಡು ಸ್ನಾಯು ಕೂಡಿ ಆದ ಒಂದು. ಮುಂದಿನ ಭಾಗ ಪ್ಯೂಬಿಸ್ ಕಮಾನಿನಿಂದ ಹೊರಟು ತೊಡೆಮೂಳೆಯ ಉದ್ದಕ್ಕೂ ಹರಡಿ ಅಂಟುತ್ತದೆ. ಹಿಂದಿನ ಭಾಗ ಹೊರಡುವುದು ನಾವು ಕೂತಾಗ ನೆಲಕ್ಕೆ ಒತ್ತುವ ಮೂಳೆಯಿಂದ. ನೆಟ್ಟಗೆ ಇಳಿದು ಮಂಡಿಯ ಸ್ವಲ್ಪ ಮೇಲೆ, ಒಳಬದಿಯ ಗುಬುಟಿಗೆ ಕಟ್ಟಿಕೊಳ್ಳುತ್ತದೆ. ಎರಡಕ್ಕೂ ನರಗಳು ಬೇರೆಬೇರೆ. ಮುಂದಿನದಕ್ಕೆ ಒಬ್ಟುರೇಟರ್ ನರ, ಹಿಂದಿನದಕ್ಕೆ ಸಯಾಟಿಕ್ ನರದ ಕವಲು. ನರ ಬೇರೆಯಾದರೆ ಹುಟ್ಟೂ ಬೇರೆ, ಕೆಲಸವೂ ಬೇರೆ ಎಂದೇ ಅಂಗರಚನೆ ಕಲಿಸುವ ನಮ್ಮಂಥವರು ಓದುತ್ತೇವೆ.

ಈ ಎರಡು ಭಾಗಗಳ ನಡುವೆ, ತೊಡೆಯ ಕೆಳಗಿನ ಮೂರನೆಯ ಒಂದು ಪಾಲಿನಲ್ಲಿ, ಒಂದು ಕಿಂಡಿ ಇದೆ. ಕಾಲಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿ ತೊಡೆಯ ಮುಂದಿನಿಂದ ಮಂಡಿಯ ಹಿಂದಕ್ಕೆ ದಾಟುವುದು ಈ ಕಿಂಡಿಯಲ್ಲಿ. ಕಿಂಡಿಗೆ ಮುಂಚಿನ ಹಾದಿಗೆ ಹಂಟರ್ ಕಾಲುವೆ ಎಂದೇ ಹೆಸರು. 1785ರಲ್ಲಿ ಲಂಡನ್ನಿನ ಜಾನ್ ಹಂಟರ್ ಮಂಡಿಯ ಹಿಂದೆ ಅಪಧಮನಿ ಉಬ್ಬಿದ್ದ ಒಬ್ಬ ಸಾರೋಟು ಹೊಡೆಯುವವನಿಗೆ ಆ ಕಾಲುವೆಯಲ್ಲಿ ರಕ್ತನಾಳವನ್ನು ಕಟ್ಟಿದ. ಅಲ್ಲಿಯವರೆಗೆ ಅಂಥ ಕಾಯಿಲೆಗೆ ಕಾಲು ಕತ್ತರಿಸುವುದೇ ರೂಢಿಯ ಉಪಾಯ. ಕಟ್ಟಿದ ಮೇಲೆ ಪಕ್ಕದ ಸಣ್ಣ ನಾಳಗಳು ಹಿಗ್ಗಿ ರಕ್ತ ಒಯ್ದವು, ಕಾಲು ಉಳಿಯಿತು. ಅರಿವಳಿಕೆ ಇಲ್ಲದ ಕಾಲ ಅದು. ಮೇಜಿನ ಮೇಲಿದ್ದವನ ಹೆಸರು ಯಾವ ಕಾಲುವೆಗೂ ಬರಲಿಲ್ಲ.

ಪುಸ್ತಕದ ಪಾಠ ಇಷ್ಟು. ನನಗೆ ತಕರಾರು ಇರುವುದು ಇಲ್ಲಿಂದ ಮುಂದೆ. ಈ ಸ್ನಾಯುಗಳಿಗೆ ಹೆಸರಿಟ್ಟವರು ಅವನ್ನು ನೋಡಿದ್ದು ಮೇಜಿನ ಮೇಲೆ ಅಂಗಾತ ಮಲಗಿಸಿದ ಹೆಣದಲ್ಲಿ. ಹೆಣದ ಕಾಲು ನೀಟಾಗಿ ಚಾಚಿರುತ್ತದೆ, ಪಾದ ಎಲ್ಲೂ ಊರಿರುವುದಿಲ್ಲ. ಸ್ನಾಯುವನ್ನು ಚಿಮಟದಲ್ಲಿ ಹಿಡಿದು ಎಳೆದರೆ ತೊಡೆ ಒಳಕ್ಕೆ ಬರುತ್ತದೆ. ಆದ್ದರಿಂದ ಅಡಕ್ಟರ್. 1836ರಲ್ಲಿ ಕಲ್ಕತ್ತೆಯಲ್ಲಿ ವೈದ್ಯ ಮಧುಸೂದನ ಗುಪ್ತರು ಕಲಿಕೆಗಾಗಿ ಹೆಣ ಕೊಯ್ದ ದಿನದಿಂದ ಇಂದು ಸೇಲಂನ ಸರ್ಕಾರಿ ಮೆಡಿಕಲ್ ಕಾಲೇಜಿನವರೆಗೆ ನಮ್ಮ ಹುಡುಗರು ಕಲಿಯುವುದೂ ಹಾಗೆಯೇ. ಆದರೆ ದಿನವಿಡೀ ಬರಿದೇ ತೊಡೆಗಳನ್ನು ಕೂಡಿಸುವ ಕೆಲಸ ಯಾರಿಗಿದೆ? ಕುದುರೆ ಏರುವವರಿಗೆ, ತೆಂಗಿನ ಮರ ಹತ್ತುವವರಿಗೆ ಇದೆ. ಮಿಕ್ಕವರ ಮೈಯಲ್ಲಿ ಇಷ್ಟು ದೊಡ್ಡ ಮಾಂಸರಾಶಿ ಯಾತಕ್ಕೆ?

ಉತ್ತರ ಬೇಕಿದ್ದರೆ ಗುಂಡಿಮಗ್ಗದಲ್ಲಿ ಕೂತವರನ್ನು ನೋಡಬೇಕು. ನಿಮ್ಮಲ್ಲಿ ಐವತ್ತು ದಾಟಿದವರೆಲ್ಲ ಅದನ್ನು ನೋಡಿ ಬೆಳೆದವರು, ಹಲವರು ಕೂತು ನೇಯ್ದವರು. ಕುಂಡಿ ಗುಂಡಿಯ ಅಂಚಿನಲ್ಲಿ, ಕಾಲು ಒಳಗೆ ಇಳಿಬಿಟ್ಟು, ತೊಡೆ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಮುಂದಕ್ಕೆ ಚಾಚಿ. ಒಂದು ಹಲಗೆ ತುಳಿದರೆ ಹಾಸು ಬಾಯಿ ತೆರೆಯುತ್ತದೆ, ಲಾಳಿ ಓಡುತ್ತದೆ. ಇನ್ನೊಂದು ತುಳಿದರೆ ಎಳೆಗಳು ಅದಲುಬದಲಾಗುತ್ತವೆ, ಲಾಳಿ ವಾಪಸು ಬರುತ್ತದೆ. ಒಂದು ಹೊಕ್ಕಿಗೆ ಒಂದು ತುಳಿತ. ಅಂಗುಲಕ್ಕೆ 60 ಹೊಕ್ಕು ಎಂದಿಟ್ಟುಕೊಂಡರೆ 5.5 ಮೀಟರಿನ ಒಂದು ಸೀರೆಗೆ ಹೆಚ್ಚುಕಡಿಮೆ 13,000 ತುಳಿತ. ಸೀರೆಯ ಅಂಚು, ಸೆರಗು, ಬಣ್ಣ ಎಲ್ಲವನ್ನೂ ಹೊಗಳುತ್ತೇವೆ. ಈ 13,000ವನ್ನು ಯಾರೂ ಎಣಿಸುವುದಿಲ್ಲ.

ಈಗ ಆ ತುಳಿತವನ್ನು ಬಿಡಿಸಿ ನೋಡಿ. ಪಾದ ಕೆಳಕ್ಕೆ ಹೋಗಬೇಕಾದರೆ ಪಾದದ ಕೀಲೂ ಮಂಡಿಯೂ ಕೆಲಸ ಮಾಡುತ್ತವೆ, ನಿಜ. ಬಲ ಬೇಕಾದಾಗ ತೊಡೆಯೇ ಕೆಳಕ್ಕೆ ಒತ್ತಬೇಕು. ಮಡಚಿದ ಸೊಂಟದ ಕೀಲು ಬಿಚ್ಚುವ ದಿಕ್ಕಿನ ಚಲನೆ ಅದು. ಕಾಲು ನೀಟಾಗಿದ್ದಾಗ ಲಾಂಗಸ್, ಬ್ರೆವಿಸ್, ಪೆಕ್ಟಿನಿಯಸ್ ಮೂರೂ ಸೊಂಟದ ಕೀಲಿನ ಅಚ್ಚಿಗೆ ಮುಂದುಗಡೆ ಹಾಯುತ್ತವೆ. ಎಳೆದರೆ ತೊಡೆ ಮೇಲಕ್ಕೆ ಏಳುತ್ತದೆ. ಅದೇ ತೊಡೆಯನ್ನು ಹೊಟ್ಟೆಯ ಕಡೆಗೆ ಚೆನ್ನಾಗಿ ಮಡಚಿ. ಕೆಳತುದಿ ಮುಂದಕ್ಕೆ ಹೋಯಿತು, ಮೇಲಿನ ತುದಿ ಇದ್ದಲ್ಲೇ ಇದೆ, ಎಳೆತದ ಗೆರೆ ಅಚ್ಚಿನ ಹಿಂದಕ್ಕೆ ಸರಿಯಿತು. ಲಾಂಗಸ್‌ನಂಥದ್ದೂ ಈಗ ಎಳೆದರೆ ತೊಡೆ ಕೆಳಕ್ಕೆ ಬರುತ್ತದೆ. ಮ್ಯಾಗ್ನಸ್‌ನ ಹಿಂದಿನ ಭಾಗವಂತೂ ಯಾವ ಭಂಗಿಯಲ್ಲೂ ಕೆಳಕ್ಕೇ ಎಳೆಯುವುದು. ಸೊಂಟ ಮಡಚಿದಾಗ ಅದರ ಹಿಡಿತಕ್ಕೆ ಇನ್ನಷ್ಟು ಬಲ. ಸ್ನಾಯು ಅದೇ, ಮೂಳೆ ಅದೇ, ನರ ಅದೇ. ಕೂತ ರೀತಿ ಬದಲಾದರೆ ಕೆಲಸ ತಿರುವುಮುರುವು. ಹೆಣದ ಮೇಜಿನ ಮೇಲೆ ಅಡಕ್ಟರ್ ಆಗಿದ್ದದ್ದು ಮಗ್ಗದ ಗುಂಡಿಯಲ್ಲಿ ತುಳಿಯುವ ಸ್ನಾಯು. ಒಳಕ್ಕೆ ಸೆಳೆಯುವ ಕೆಲಸವೂ ಅಲ್ಲಿ ಇಲ್ಲದಿಲ್ಲ. ಒಂದು ಕಾಲು ಒತ್ತುವಾಗ ಮಂಡಿ ಹೊರಕ್ಕೆ ಜಾರಬಾರದು, ಪಾದ ಹಲಗೆಯಿಂದ ಹಲಗೆಗೆ ಕಣ್ಣಿಲ್ಲದೆ ಹೋಗಬೇಕು. ಅದು ಮುಖ್ಯ ಕೆಲಸದ ಜೊತೆಗಿನ ಮೇಲುಕೆಲಸ.

ಆಮೇಲೆ ಪವರ್‌ಲೂಮ್ ಬಂತು. ಈಗ ಎಡಪ್ಪಾಡಿಯ ಯಾವ ಬೀದಿಗೆ ಹೋದರೂ ಆ ಸದ್ದು. ನಿಮಿಷಕ್ಕೆ ನೂರಕ್ಕೂ ಹೆಚ್ಚು ಹೊಕ್ಕು ಮೋಟಾರೇ ಹಾಕುತ್ತದೆ, ತುಳಿತ ನಿಂತುಹೋಯಿತು. ನೇಯುವವರು ಗುಂಡಿಯಿಂದ ಎದ್ದು ಸಿಮೆಂಟು ನೆಲದ ಮೇಲೆ ನಿಂತರು. ಹತ್ತು ಹನ್ನೆರಡು ಗಂಟೆಯ ಪಾಳಿ, ಕಡಿದ ಎಳೆ ಹುಡುಕುತ್ತ ಎರಡು ಸಾಲು ಮಗ್ಗಗಳ ನಡುವೆ ಅಡ್ಡಡ್ಡ ಹೆಜ್ಜೆ. ಇದನ್ನು ಕೈಮಗ್ಗ ಒಳ್ಳೆಯದಿತ್ತು ಎನ್ನುವ ಹಳಹಳಿಕೆಯಾಗಿ ಹೇಳುತ್ತಿಲ್ಲ; ಗುಂಡಿಯಲ್ಲಿ ಬೆನ್ನು ಬಾಗಿಸಿ ಕೂತು ಮಂಡಿ ಸವೆಸಿಕೊಂಡವರ ಮಕ್ಕಳು ನೀವು, ನಿಮಗೆ ಆ ಹಾಡು ಹಾಡಬೇಕಿಲ್ಲ. ನಾನು ಹೇಳುವುದು ಒಳತೊಡೆಯ ಕಸುಬು ಬದಲಾಯಿತು ಎಂದು. ಪಾದ ನೆಲಕ್ಕೆ ಊರಿದ ಮೇಲೆ ತೊಡೆ ಅಲ್ಲಾಡುವಂತಿಲ್ಲ, ಆದ್ದರಿಂದ ಸ್ನಾಯು ಎಳೆಯುವುದು ಸೊಂಟವನ್ನು. ಹೊರಗಡೆ ಅಬ್ಡಕ್ಟರುಗಳು, ಒಳಗಡೆ ಅಡಕ್ಟರುಗಳು, ಚಪ್ಪರದ ಕಂಬಕ್ಕೆ ಎರಡೂ ಕಡೆಯಿಂದ ಬಿಗಿದ ಹಗ್ಗಗಳ ಹಾಗೆ, ಮೈಯನ್ನು ಆ ಕಡೆ ಈ ಕಡೆ ವಾಲಗೊಡದೆ ಹಿಡಿಯುತ್ತವೆ. ಪಕ್ಕಕ್ಕೆ ಹೆಜ್ಜೆ ಇಟ್ಟಾಗಲೆಲ್ಲ ಅಗಲಿದ ಕಾಲನ್ನು ವಾಪಸು ತರುವುದು, ಅಗಲುವಾಗ ಜಾರದಂತೆ ತಡೆದು ಬಿಡುವುದು ಅವೇ. ತಡೆಯುತ್ತ ಉದ್ದವಾಗುವ ಕೆಲಸದಲ್ಲಿ ಸ್ನಾಯು ಹೆಚ್ಚು ನೋಯುತ್ತದೆ, ಹೆಚ್ಚು ಹರಿಯುತ್ತದೆ. ಪಾಳಿ ಮುಗಿಸಿ ಬಂದವರು ತೊಡೆಸಂದು ಹಿಡಿದುಕೊಂಡಿದೆ ಎಂದರೆ ಅದನ್ನು ಸೋಮಾರಿತನ ಎಂದು ತಳ್ಳಿಹಾಕಬೇಡಿ.

ಇನ್ನು ನಡಿಗೆ. ತೈಪೂಸ ಮುಗಿದ ಮೇಲೆ ಈ ಊರಿನಿಂದ ಕಾವಡಿ ಹೊತ್ತು ಪಳನಿಗೆ ನಡೆದು ಹೋಗುವ ಪರ್ವತರಾಜ ಕುಲದವರ ವಿಚಾರ ನಾನು ನಿಮಗೆ ಹೇಳಬೇಕಿಲ್ಲ. ಟನ್ನುಗಟ್ಟಲೆ ಪಂಚಾಮೃತ ಕಲಸುವ, ಬೆಟ್ಟದ ಮೇಲೆ ರಾತ್ರಿ ತಂಗುವ ಹಕ್ಕು ಅವರದು. ಬಯಲಲ್ಲಿ ನಡೆಯುವಾಗ ಅಡಕ್ಟರುಗಳು ಎಡೆಬಿಡದೆ ದುಡಿಯುವುದಿಲ್ಲ, ಹೆಜ್ಜೆಗೆ ಎರಡು ಗಳಿಗೆ ಚುರುಕಾಗುತ್ತವೆ. ಹಿಮ್ಮಡಿ ನೆಲ ಮುಟ್ಟುವ ಹೊತ್ತಿಗೆ ಮ್ಯಾಗ್ನಸ್; ಹೆಬ್ಬೆರಳು ನೆಲ ಬಿಡುವ ಹೊತ್ತಿಗೆ ಲಾಂಗಸ್, ಹಿಂದುಳಿದ ಕಾಲನ್ನು ಮುಂದಕ್ಕೆ ಎಸೆಯಲು. ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಕೈಬದಲಾಗುವ ಕ್ಷಣಗಳು ಅವು. ಪಳನಿಯ ಮೆಟ್ಟಿಲು ಬಂದಾಗ ಲೆಕ್ಕ ಬೇರೆ. ತೊಡೆ ಮೇಲೆತ್ತಿ, ಪಾದ ಮೇಲಿನ ಮೆಟ್ಟಿಲಲ್ಲಿ ಊರಿ, ಮಡಚಿದ ಸೊಂಟವನ್ನು ಬಿಚ್ಚುತ್ತ ಮೈಯನ್ನು ಎತ್ತಬೇಕು. ಗುಂಡಿಮಗ್ಗದ ತುಳಿತ ಇದೇ ಅಲ್ಲವೆ? ಅಲ್ಲಿ ಹಲಗೆ ಕೆಳಗೆ ಹೋಗುತ್ತಿತ್ತು, ಇಲ್ಲಿ ಮೈ ಮೇಲೆ ಹೋಗುತ್ತದೆ. ದಾರಿಯುದ್ದಕ್ಕೂ ತೊಡೆ ಉಜ್ಜಿ ಚರ್ಮ ಕಿತ್ತುಬರುವ ಉರಿಗೂ ಸ್ನಾಯುವಿಗೂ ಸಂಬಂಧವಿಲ್ಲ. ಅದಕ್ಕೆ ಕೊಬ್ಬರಿ ಎಣ್ಣೆ, ಒಣ ಬಟ್ಟೆ ಸಾಕು.

ಒಂದು ಸ್ನಾಯು ಏನು ಮಾಡುತ್ತದೆ ಎಂದು ಖಚಿತವಾಗಿ ತಿಳಿಯುವುದು ಅದು ಇಲ್ಲವಾದಾಗ. ಸಕ್ಕರೆ ಕಾಯಿಲೆಯಿಂದಲೋ ಅಪಘಾತದಿಂದಲೋ ಮಂಡಿಯ ಮೇಲೆ ಕಾಲು ತೆಗೆಯಬೇಕಾದವರು ಯಾವ ಊರಲ್ಲಿಲ್ಲ? ಹಳೆಯ ಪದ್ಧತಿಯಲ್ಲಿ ಮೂಳೆ ಕತ್ತರಿಸಿದ ಮೇಲೆ ಸ್ನಾಯುಗಳ ಕಡಿದ ತುದಿಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದುಬಿಡುತ್ತಿದ್ದರು. ಹೊರಬದಿಯ ಅಬ್ಡಕ್ಟರುಗಳು ಅಂಟಿರುವುದು ತೊಡೆಮೂಳೆಯ ಮೇಲ್ತುದಿಗೆ, ಅವಕ್ಕೆ ಏನೂ ಆಗಿರುವುದಿಲ್ಲ. ಒಳಬದಿಯ ಮ್ಯಾಗ್ನಸ್‌ನ ಕೆಳಗಿನ ಹಿಡಿಕೆ ಮಾತ್ರ ಕತ್ತರಿಸಿದ ತುಂಡಿನ ಜೊತೆ ಹೋಯಿತು. ಮೋಟುಗಾಲು ಹೊರಕ್ಕೆ, ಮುಂದಕ್ಕೆ ಸರಿಯುತ್ತ ಹೋಗುತ್ತದೆ. ಕೃತಕ ಕಾಲು ಎಷ್ಟೇ ಚೆನ್ನಾಗಿದ್ದರೂ ವಾಲಿ ವಾಲಿ ನಡೆಯಬೇಕು. 1990ರ ದಶಕದಲ್ಲಿ ಅಮೆರಿಕದ ಶಸ್ತ್ರವೈದ್ಯ ಗಾಟ್‌ಶಾಲ್ಕ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ಮ್ಯಾಗ್ನಸ್‌ನ ಕೆಳಗಿನ ಅಂಟು ಹೋದರೆ ಒಳಕ್ಕೆ ಹಿಡಿಯುವ ಸನ್ನೆಯ ಬಲ ಶೇಕಡ 70ರವರೆಗೆ ಹೋಗುತ್ತದೆ. ಅವರ ಪರಿಹಾರ ಸರಳ: ಮ್ಯಾಗ್ನಸ್‌ನ ತುದಿಯನ್ನು ಉಳಿಸಿಕೊಂಡು, ಮೂಳೆಯಲ್ಲಿ ರಂಧ್ರ ಕೊರೆದು, ಬಿಗಿಯಾಗಿ ಮೂಳೆಗೇ ಕಟ್ಟಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಅಂಥ ಶಸ್ತ್ರಕ್ರಿಯೆ ಅನಿವಾರ್ಯವಾದರೆ, ಮ್ಯಾಗ್ನಸ್‌ನ ತುದಿಯನ್ನು ಮೂಳೆಗೆ ಕಟ್ಟುತ್ತೀರಾ ಎಂಬ ಒಂದು ಪ್ರಶ್ನೆ ಡಾಕ್ಟರನ್ನು ಕೇಳಿ.

ತಾಯಂದಿರಿಗೆ ಎರಡು ಮಾತು. ಅಡಕ್ಟರುಗಳಿಗೆ ಹೋಗುವ ಒಬ್ಟುರೇಟರ್ ನರ ಸೊಂಟದ ಕೀಲಿಗೂ ಕವಲು ಕೊಡುತ್ತದೆ, ಮಂಡಿಗೂ ಕೊಡುತ್ತದೆ. ಹಾಗಾಗಿ ಸೊಂಟದ ಕೀಲು ಕೆಟ್ಟ ಮಗು ಮಂಡಿ ನೋವು ಎಂದೋ ಒಳತೊಡೆ ನೋವು ಎಂದೋ ಅಳಬಹುದು. ಮಂಡಿಗೆ ಎಣ್ಣೆ ಹಚ್ಚಿ, ಮಂಡಿಯ ಎಕ್ಸ್‌ರೇ ತೆಗೆಸಿ, ಏನೂ ಇಲ್ಲ ಎಂದು ಮನೆಗೆ ಬಂದುಬಿಡುತ್ತಾರೆ. ಮಗು ಕುಂಟುತ್ತಿದ್ದರೆ ಸೊಂಟವನ್ನೂ ಪರೀಕ್ಷೆ ಮಾಡಿಸಲೇಬೇಕು. ಇನ್ನೊಂದು, ಹಸುಗೂಸಿನ ಬಟ್ಟೆ ಬದಲಾಯಿಸುವಾಗ ಒಂದು ತೊಡೆ ಇನ್ನೊಂದರಷ್ಟು ಅಗಲಕ್ಕೆ ಬಾರದಿದ್ದರೆ ಆ ಕಡೆಯ ಅಡಕ್ಟರ್ ಬಿಗಿದಿದೆ ಎಂದರ್ಥ. ಹುಟ್ಟಿನಿಂದಲೇ ಕೀಲು ಜಾರಿರುವುದರ ಗುರುತು ಅದಾಗಿರಬಹುದು. ಮೊದಲ ತಿಂಗಳುಗಳಲ್ಲಿ ಕಂಡರೆ ಪಟ್ಟಿ ಹಾಕಿಯೇ ಸರಿಮಾಡಬಹುದು, ನಡೆಯಲು ಶುರುವಾದ ಮೇಲೆ ಶಸ್ತ್ರಕ್ರಿಯೆಗೆ ಹೋಗಬೇಕಾಗುತ್ತದೆ. ಕತ್ತು ನಿಂತ ಮಗುವನ್ನು ಸೊಂಟದ ಮೇಲೆ ಕಾಲು ಅಗಲಿಸಿ ಎತ್ತಿಕೊಳ್ಳುವ ನಮ್ಮ ರೂಢಿ ಕೀಲಿಗೆ ಒಳ್ಳೆಯದು. ಎರಡು ಕಾಲನ್ನೂ ನೀಟಾಗಿ ಜೋಡಿಸಿ ಬಿಗಿಯಾಗಿ ಬಟ್ಟೆ ಸುತ್ತುವುದು ಒಳ್ಳೆಯದಲ್ಲ. ಮಿದುಳಿಗೆ ಪೆಟ್ಟಾಗಿ ಹುಟ್ಟಿದ ಕೆಲವು ಮಕ್ಕಳಲ್ಲಿ ಈ ಸ್ನಾಯುಗಳು ಸದಾ ಸೆಟೆದುಕೊಂಡು ಎರಡು ಕಾಲೂ ಒಂದರ ಮೇಲೊಂದು ಹೆಣೆದುಕೊಳ್ಳುತ್ತವೆ. ಅದಕ್ಕೆ ವ್ಯಾಯಾಮ, ಇಂಜೆಕ್ಷನ್, ಬೇಕಾದರೆ ಸ್ನಾಯುರಜ್ಜು ಸಡಿಲಿಸುವ ಸಣ್ಣ ಶಸ್ತ್ರಕ್ರಿಯೆ ಎಲ್ಲ ಇವೆ. ದೈವದ ಮೇಲೆ ಹಾಕಿ ಕೂರುವ ಕಾಯಿಲೆ ಅಲ್ಲ ಅದು.

ಕೊನೆಗೆ, ಹಿಂದಿನ ಸಾಲಲ್ಲಿ ನಿಂತಿರುವ ಕಬಡ್ಡಿ ಹುಡುಗರಿಗೆ. ನಿಮ್ಮ ಆಟವಿಡೀ ಅಡ್ಡ ಹೆಜ್ಜೆಯ ಆಟ. ರೈಡಿಗೆ ಹೋದವನು ಕಾಲು ಚಾಚಿ ಗೆರೆ ಮುಟ್ಟುವಾಗ ಹರಿಯುವುದು ಸಾಮಾನ್ಯವಾಗಿ ಲಾಂಗಸ್. ಅದು ಮೂಳೆಗೆ ಅಂಟುವ ಜಾಗ ಬಹಳ ಕಿರಿದು. ಆ ಅಂಟಿನಲ್ಲೂ ಅರ್ಧಕ್ಕೂ ಹೆಚ್ಚು ಬರೀ ಮಾಂಸ, ಗಟ್ಟಿ ರಜ್ಜು ಇರುವುದು ಮುಂದಿನ ಮೈಯಲ್ಲಿ ಮಾತ್ರ. ಹರಿದ ಮೇಲೆ ನೀವು ಮಾಡುವುದೇನು? ನರ ಎಳೆಯಿತು ಎಂದು ಉಜ್ಜಿಸಿಕೊಳ್ಳುತ್ತೀರಿ, ವಾರ ಮಲಗುತ್ತೀರಿ, ನೋವು ತಗ್ಗಿತು ಎಂದು ಅಂಗಳಕ್ಕೆ ಇಳಿಯುತ್ತೀರಿ, ಮತ್ತೆ ಹರಿಯುತ್ತದೆ. ಡೆನ್ಮಾರ್ಕಿನ ಪೆರ್ ಹೋಲ್ಮಿಕ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೊಡೆಸಂದಿನ ಹಳೆಯ ನೋವಿದ್ದ 68 ಆಟಗಾರರಿದ್ದರು. ಅರ್ಧ ಜನಕ್ಕೆ ಮಸಾಜು, ಲೇಸರು, ಎಳೆತಗಳ ಚಿಕಿತ್ಸೆ. ಇನ್ನರ್ಧಕ್ಕೆ ಸ್ನಾಯುವನ್ನು ದುಡಿಸಿ ಬಲಪಡಿಸುವ ವ್ಯಾಯಾಮ. ನೋವಿಲ್ಲದೆ ಆಟಕ್ಕೆ ಮರಳಿದವರು ಮೊದಲ ಗುಂಪಿನಲ್ಲಿ 4 ಜನ, ಎರಡನೆಯದರಲ್ಲಿ 23.

ಆ ದೇಶದ ರಾಜಧಾನಿಯ ಹೆಸರಿನಲ್ಲೇ ಒಂದು ವ್ಯಾಯಾಮ ಇದೆ, ಕೋಪನ್‌ಹೇಗನ್ ವ್ಯಾಯಾಮ. ದುಡ್ಡು ಬೇಡ, ಜಿಮ್ ಬೇಡ, ಒಬ್ಬ ಗೆಳೆಯ ಸಾಕು. ಒಂದು ಮಗ್ಗುಲಿಗೆ ಮಲಗಿ ಮೊಣಕೈ ಊರಿ. ಮೇಲಿನ ಕಾಲನ್ನು ಗೆಳೆಯ ತನ್ನ ಸೊಂಟದ ಎತ್ತರಕ್ಕೆ ಎತ್ತಿ ಹಿಡಿಯಲಿ, ಒಂದು ಕೈ ಪಾದದ ಕೀಲಿಗೆ, ಒಂದು ಕೈ ಮಂಡಿಗೆ. ಮೇಲಿನ ಕಾಲಿನ ಒಳತೊಡೆಯ ಬಲದಿಂದ ಮೈಯನ್ನು ನೆಲದಿಂದ ಎತ್ತಿ, ಕೆಳಗಿನ ಕಾಲು ಮೇಲಿನದನ್ನು ಮುಟ್ಟಲಿ. ಆಮೇಲೆ ನಿಧಾನವಾಗಿ, ಮೂರು ಎಣಿಸುತ್ತ ಇಳಿಯಿರಿ. ಇಳಿಯುವುದರಲ್ಲೇ ಇದರ ಗುಣ ಇರುವುದು, ದಡಕ್ಕನೆ ಬಿದ್ದರೆ ಮಾಡಿದ್ದು ದಂಡ. ನಾರ್ವೆಯ ಫುಟ್‌ಬಾಲ್ ಆಟಗಾರರ ನಡುವೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದನ್ನು ರೂಢಿ ಮಾಡಿಕೊಂಡ ತಂಡಗಳಲ್ಲಿ ತೊಡೆಸಂದಿನ ತೊಂದರೆ ಶೇಕಡ 41ರಷ್ಟು ಕಡಿಮೆ ಇತ್ತು. ಹೊಸಬರು ಮೇಲಿನ ಕಾಲನ್ನು ಮಂಡಿಯ ಬಳಿಯೇ ಹಿಡಿಸಿಕೊಂಡು ಶುರುಮಾಡಿ, ಪಾದದ ಕೀಲಿನ ಹಿಡಿತಕ್ಕೆ ಆಮೇಲೆ ಹೋಗಿ. ವಾರಕ್ಕೆ ಎರಡು ಮೂರು ದಿನ, ಪಂದ್ಯದ ಹಿಂದಿನ ದಿನ ಬೇಡ. ಒಳತೊಡೆ ಎರಡು ದಿನ ಬಿಗಿಯುವುದು ಸಹಜ. ಚುಚ್ಚುವ ನೋವು ಬಂದರೆ ನಿಲ್ಲಿಸಿ.

ಮಂಡಿಯ ಲಿಗಮೆಂಟು ಹರಿದು ಶಸ್ತ್ರಕ್ರಿಯೆ ಮಾಡಿಸಿಕೊಂಡ ಆಟಗಾರರು ಇಲ್ಲೂ ಇದ್ದೀರಿ ಎಂದು ಕೇಳಿದೆ. ನಿಮ್ಮಲ್ಲಿ ಕೆಲವರ ಮಂಡಿಯೊಳಗೆ ಹೊಸ ಲಿಗಮೆಂಟಾಗಿ ಕೂತಿರುವುದು ನಿಮ್ಮದೇ ಗ್ರಾಸಿಲಿಸ್‌ನ ರಜ್ಜು, ಪಕ್ಕದ ಇನ್ನೊಂದು ಸ್ನಾಯುವಿನ ರಜ್ಜಿನ ಜೊತೆ ಮಡಚಿ ಹಾಕಿದ್ದು. ಐವರಲ್ಲಿ ತೆಳ್ಳನೆಯದನ್ನು ತೆಗೆದರೆ ತೊಡೆಗೆ ದೊಡ್ಡ ನಷ್ಟವಿಲ್ಲ; ಆದ್ದರಿಂದ ಶಸ್ತ್ರವೈದ್ಯರು ಸಾಲ ಕೇಳುವುದು ಅದನ್ನೇ. ಅಪಘಾತದಲ್ಲಿ ಭುಜದ ನರ ಕಿತ್ತು ಕೈ ಜೋತುಬಿದ್ದವರಿಗೆ ಇಡೀ ಗ್ರಾಸಿಲಿಸನ್ನೇ ನರ, ರಕ್ತನಾಳ ಸಮೇತ ತೆಗೆದು ತೋಳಿಗೆ ಕಸಿ ಮಾಡುತ್ತಾರೆ. ಹೊಸ ನರ ಬೆಳೆದು ಒಳಗೆ ಸೇರಲು ತಿಂಗಳುಗಳೇ ಬೇಕು. ಸೇರಿದ ಮೇಲೆ ತೊಡೆಯಲ್ಲಿ ಹುಟ್ಟಿದ ಆ ಸ್ನಾಯು ಮೊಣಕೈ ಮಡಚುತ್ತದೆ.

ಪ್ರಶ್ನೆಗಳಿದ್ದರೆ ಕೇಳಿ. ಸಭೆಯಲ್ಲಿ ಕೇಳಲಾಗದ್ದನ್ನು ಆಮೇಲೆ ಬಂದು ಕೇಳಿ.